ತೂತಿನೊಳಗಿನ ಮಾತು

ಯಾವುದಕ್ಕೂ ಅರ್ಥವಿಲ್ಲ ಎಂಬ ವಿಷಯದಲ್ಲಿ ಭಾವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಅದನ್ನು ಹೇಳುವ ಪುಸ್ತಕಕ್ಕೆ ಎಡಗಡೆ ಎಷ್ಟು ಅಂಚು ಬಿಡಬೇಕು ಎಂಬುದರ ಬಗ್ಗೆ ಮಾತ್ರ. ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಮೇಲೆ, ಬೆಳಗ್ಗೆ ಏಳುವುದು ಏಕೆ ದಂಡ, ಹಲ್ಲುಜ್ಜುವುದು ಏಕೆ ದಂಡ, ಇವೆರಡನ್ನೂ ಕೂತು ಬರೆಯುವುದು ಇನ್ನೂ ಏಕೆ ದಂಡ ಎಂದು ಅಧ್ಯಾಯದ ಮೇಲೆ ಅಧ್ಯಾಯ ಬರೆದು ಮುಗಿಸಿದ್ದರು. ಪುಸ್ತಕದ ಹೆಸರು ‘ಇಲ್ಲಿ ಏನೂ ಇಲ್ಲ’. ಇಂಥ ಪುಸ್ತಕ ಮಾಮೂಲಿ ಪುಸ್ತಕದ ಹಾಗಿರಬಾರದು, ಹಿಡಿದವರ ಕೈಗೇ ಶೂನ್ಯ ತಾಗಬೇಕು ಎಂದು ಹಟ ಹಿಡಿದು ಹೆಂಡತಿಯ ತಂಗಿಗೆ ಹೇಳಿ ಕಳಿಸಿದರು. ಪುಸ್ತಕಗಳ ಪುಟ ವಿನ್ಯಾಸ ಮಾಡುವುದು ಅವಳ ಕಸುಬು.

ತಂಗಿ ಎರಡು ಮಾತಾಡದೆ ಒಪ್ಪಿಕೊಂಡಳು. ಅದಕ್ಕೆ ಕಾರಣ ಭಾವನ ಶೂನ್ಯವಲ್ಲ. ಆ ಮನೆಗೆ ಹೋಗಿಬರಲು ಅವಳಿಗೊಂದು ನೆಪ ಬೇಕಾಗಿತ್ತು. ಅಕ್ಕ ಅವಳೊಡನೆ ಮಾತು ಬಿಟ್ಟು ವರ್ಷ ದಾಟಿತ್ತು.

ಜಗಳ ಹುಟ್ಟಿದ್ದು ಅಮ್ಮನ ಬೀರುವಿನಿಂದ. ಲೋಕದಲ್ಲಿ ಜನ ‘ನನಗೆ ಬೇಕು, ನನಗೆ ಬೇಕು’ ಎಂದು ಕಿತ್ತಾಡಿದರೆ, ಇವರಿಬ್ಬರೂ ‘ನೀನು ತಗೋ, ನೀನು ತಗೋ’ ಎಂದು ಕಿತ್ತಾಡಿದರು. ಅಮ್ಮ ತೀರಿಕೊಂಡ ಮೇಲೆ ಉಳಿದ ಒಂದೇ ದೊಡ್ಡ ಸಾಮಾನು ಅದು, ಕನ್ನಡಿ ಬಾಗಿಲಿನ ಮರದ ಬೀರು. ನಿನಗಿರಲಿ ಎಂದು ಅಕ್ಕ, ಇಲ್ಲ ನಿನಗೇ ಇರಲಿ ಎಂದು ತಂಗಿ. ಇಬ್ಬರೂ ಶುರು ಮಾಡಿದ್ದು ಪ್ರೀತಿಯಿಂದಲೇ. ಪ್ರೀತಿಯ ಜೊತೆಗೆ ಧ್ವನಿಯೂ ಏರುತ್ತಾ ಹೋಗಿ, ಅಂದರೆ ನಿನಗೆ ಅಮ್ಮನ ವಸ್ತು ಬೇಡ ಅಂತಾಯಿತು ಎಂದಳು ಅಕ್ಕ. ಮೊದಲು ಬೇಡ ಅಂದವಳು ನೀನು ಎಂದಳು ತಂಗಿ. ಬೀರು ಹೊತ್ತಿದ್ದವರು ಅದನ್ನು ನಡುಬೀದಿಯಲ್ಲಿ ಇಳಿಸಿ, ಯಾರ ಮನೆಗೆ ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ ಎಂದು ಅದರ ನೆರಳಿನಲ್ಲೇ ಕೂತು ಬೀಡಿ ಹಚ್ಚಿದರು. ಕೊನೆಗೆ ಭಾವ ಬಂದು, ಎಲ್ಲಿದ್ದರೂ ಒಂದೇ ಎಂದು ಹೇಳಿ ಅದನ್ನು ತಮ್ಮ ಓದುವ ಕೋಣೆಗೆ ಹಾಕಿಸಿಕೊಂಡರು. ಅಂದಿನಿಂದ ಅದು ಅಲ್ಲಿ ಖಾಲಿ ನಿಂತಿದೆ. ಅಕ್ಕ ಅದರೊಳಗೆ ಒಂದು ಕರವಸ್ತ್ರವನ್ನೂ ಇಡಲಿಲ್ಲ. ಇಟ್ಟರೆ ಬೀರು ತನ್ನದೆಂದು ಒಪ್ಪಿಕೊಂಡ ಹಾಗಾಗುತ್ತದಲ್ಲ. ಭಾವ ಮಾತ್ರ ಅದರ ಖಾಲಿತನದ ಬಗ್ಗೆ ಒಂದು ಅಧ್ಯಾಯ ಬರೆದುಕೊಂಡರು.

ತಂಗಿ ಹೋದಾಗಲೆಲ್ಲ ಅಕ್ಕ ಬಾಗಿಲು ತೆಗೆದು, ಗೋಡೆಯ ಕಡೆ ನೋಡುತ್ತಾ, ‘ಬಂದಿದ್ದಾಳೆ’ ಎಂದು ಗಂಡನಿಗೆ ಹೇಳಿ ಒಳಗೆ ಹೋಗುವಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ, ಟೀ ಟೇಬಲ್ ಮೇಲಿದೆ ಅಂತ ಅವಳಿಗೆ ಹೇಳಿ ಎಂಬ ಮಾತು ಬರುವುದು. ಎರಡು ಮಾರು ದೂರದಲ್ಲಿ ಕೂತ ತಂಗಿಗೆ ಭಾವ ಅದನ್ನು ತಲುಪಿಸುವರು, ತಮ್ಮದೊಂದು ಒಗ್ಗರಣೆ ಸೇರಿಸಿ: ‘ಟೀ ಇದೆಯಂತೆ. ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.’ ಹಾಗೆಂದು ತಮ್ಮ ಲೋಟ ಮಾತ್ರ ತಳ ಕಾಣುವವರೆಗೂ ಕುಡಿಯುವರು. ತಂಗಿಯ ಲೋಟದಲ್ಲಿ ಸಕ್ಕರೆ ಅವಳಿಗೆ ಬೇಕಾದಷ್ಟೇ ಇರುತ್ತಿತ್ತು, ಒಂದು ದಿನವೂ ಹೆಚ್ಚುಕಮ್ಮಿ ಆಗಲಿಲ್ಲ. ಆ ಸಕ್ಕರೆಯ ನೆಚ್ಚಿಕೆಯ ಮೇಲೆ ತಂಗಿ ಮತ್ತೆ ಮತ್ತೆ ಆ ಮೆಟ್ಟಿಲು ಹತ್ತುತ್ತಿದ್ದಳು. ಆದರೆ ಬಾಯಿ ಬಿಟ್ಟು ಅಕ್ಕ ಎಂದು ಕರೆಯಲು ಹೊರಟವಳು ಪ್ರತಿ ಸಲವೂ ಲೋಟವನ್ನೇ ಬಾಯಿಗಿಟ್ಟುಕೊಳ್ಳುತ್ತಿದ್ದಳು. ಕರೆದು, ಅಕ್ಕ ತಿರುಗಿ ನೋಡದೆ ಹೋದರೆ ಆಮೇಲೆ ನೆಪವೂ ಉಳಿಯುವುದಿಲ್ಲ ಎಂಬ ಹೆದರಿಕೆ.

ಶೂನ್ಯದ ಪುಸ್ತಕ ಮಾಡುವುದೇನು ಸುಲಭವೇ. ತಂಗಿ ಮೊದಲು ಪುಟಗಳನ್ನೆಲ್ಲ ಖಾಲಿ ಬಿಟ್ಟು ತೋರಿಸಿದಳು. ಇದನ್ನು ಕೊಂಡವರು ಹಾಲಿನವನ ಲೆಕ್ಕ ಬರೆದುಕೊಳ್ಳುತ್ತಾರೆ ಎಂದು ಭಾವ ತಳ್ಳಿಹಾಕಿದರು. ಅಕ್ಷರಗಳನ್ನು ತೀರಾ ಮಸುಕಾಗಿ ಇಟ್ಟು ತೋರಿಸಿದಳು. ನನ್ನ ವಯಸ್ಸಿನವರು ಓದುವುದು ಬೇಡವೇ ಎಂದರು. ಅವಳು ಬೇಸತ್ತು, ಮಾತಾಡುತ್ತಲೇ ಪೆನ್ನಿನ ಮೊನೆಯಿಂದ ಹಾಳೆಯ ನಡುವೆ ಚುಚ್ಚುತ್ತಾ ಕೂತಿದ್ದಾಗ ಅಲ್ಲೊಂದು ತೂತಾಯಿತು. ಭಾವ ಆ ಹಾಳೆಯನ್ನು ಕಿತ್ತುಕೊಂಡು, ಕನ್ನಡಕ ಹಣೆಗೇರಿಸಿ, ತೂತಿನಿಂದ ಕಿಟಕಿಯನ್ನೂ ಆಮೇಲೆ ಖಾಲಿ ಬೀರುವನ್ನೂ ನೋಡಿದರು. ಇದೇ ನನ್ನ ಪುಸ್ತಕ ಎಂದರು.

ಹಾಗೆ ತೂತು ನಿರ್ಧಾರವಾಯಿತು. ಮೊದಲ ಪುಟದ ನಡುವೆ ನಾಣ್ಯದಷ್ಟು ತೂತು. ಪುಟ ಮಗುಚಿದಂತೆ ಅದು ಹಿಗ್ಗುತ್ತಾ ಹೋಗಿ, ಕೊನೆಯ ಪುಟದಲ್ಲಿ ಕಾಗದದ ಅಂಚು ಬಿಟ್ಟು ಮಿಕ್ಕಿದ್ದೆಲ್ಲ ತೂತೇ. ಓದುಗ ಓದುತ್ತಾ ಓದುತ್ತಾ ಶೂನ್ಯಕ್ಕೆ ಬೀಳಬೇಕು. ಆದರೆ ಎಲ್ಲ ಸರಿಯಾಯಿತು ಎನ್ನುವಾಗ ಭಾವ ಒಂದು ಷರತ್ತು ಹಾಕಿದರು: ತಮ್ಮ ಒಂದು ವಾಕ್ಯವೂ ತೂತಿನಲ್ಲಿ ಹೋಗಕೂಡದು.

‘ಯಾವುದಕ್ಕೂ ಅರ್ಥ ಇಲ್ಲ ಅಂದಮೇಲೆ ನಾಲ್ಕು ಸಾಲು ಹೋದರೆ ಏನಾಯ್ತು ಭಾವ?’ ಎಂದಳು ತಂಗಿ.

‘ಅರ್ಥ ಇಲ್ಲ ಅನ್ನೋದನ್ನ ಅರ್ಥ ಆಗೋ ಹಾಗೆ ಹೇಳಬೇಕಲ್ಲಮ್ಮ,’ ಎಂದರು ಭಾವ.

ಸರಿ, ಭಾವನ ವಾಕ್ಯಗಳೆಲ್ಲ ತೂತಿನ ಸುತ್ತ ಕೂತವು. ಕೊನೆಯ ಪುಟದಲ್ಲಿ ಒಂದೇ ಒಂದು ವಾಕ್ಯ ಅಂಚು ಹಿಡಿದುಕೊಂಡು ಸುತ್ತು ಹೊಡೆಯುತ್ತಿತ್ತು. ಅಷ್ಟಾದರೂ ಭಾವನಿಗೆ ಸಮಾಧಾನವಿಲ್ಲ. ತೂತಿನ ಅಂಚಿನಲ್ಲಿ ಅರ್ಧ ಕತ್ತರಿಸಿದ ಅಕ್ಷರಗಳು ಕಾಣಬೇಕು, ಇಲ್ಲಿ ಏನೋ ಇತ್ತು, ಈಗ ಇಲ್ಲ ಎಂದು ಓದುಗನ ಕರುಳು ಚುರ್ರೆನ್ನಬೇಕು ಎಂದರು. ಹಾಗಾದರೆ ತೂತಿನ ಜಾಗದಲ್ಲಿ ಏನನ್ನು ಬರೆಯಲಿ ಎಂದು ತಂಗಿ ಕೇಳಿದ್ದಕ್ಕೆ, ‘ಏನಾದರೂ ತುಂಬಿಸು, ಹೇಗೂ ಕತ್ತರಿಸಿ ಬಿಸಾಡೋದು ತಾನೆ,’ ಎಂದುಬಿಟ್ಟರು.

ಏನಾದರೂ ತುಂಬಿಸುವುದು ಅವಳ ಕಸುಬಿನಲ್ಲಿ ಹೊಸದೇನಲ್ಲ. ಲೇಖಕರು ಬರಹ ಕೊಡುವುದಕ್ಕೆ ಮೊದಲೇ ಪುಟ ಹೇಗೆ ಕಾಣುತ್ತದೆಂದು ತೋರಿಸಬೇಕಾದರೆ ಕೈಗೆ ಸಿಕ್ಕಿದ್ದನ್ನು ತುಂಬಿಸುತ್ತಾರೆ, ಹವಾಮಾನದ ಸುದ್ದಿಯನ್ನೋ ಮಾತ್ರೆ ಡಬ್ಬಿಯ ಚೀಟಿಯನ್ನೋ. ತಂಗಿ ತನ್ನ ಮೇಜಿಗೆ ಬಂದು, ಮೊದಲ ಪುಟದ ನಾಣ್ಯದಷ್ಟು ಜಾಗ ನೋಡಿದಳು. ಅದರಲ್ಲಿ ಒಂದೇ ಅಕ್ಷರ ಹಿಡಿಸುತ್ತಿತ್ತು. ‘ಅ’ ಎಂದು ಒತ್ತಿದಳು. ಮುಂದಿನದರಲ್ಲಿ ಜಾಗ ಸ್ವಲ್ಪ ಹೆಚ್ಚಿತ್ತು. ‘ಅಕ್ಕ’ ಎಂದು ಒತ್ತಿದಳು. ಆಮೇಲೆ ಬೆರಳು ತಾನಾಗಿ ಓಡಿತು. ಯಾರೂ ಓದುವುದಿಲ್ಲ ಎಂಬ ಧೈರ್ಯ ಎಂಥೆಂಥ ಮೂಗರಿಗೂ ಮಾತು ಕಲಿಸಿಬಿಡುತ್ತದೆ. ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡದ್ದೆಲ್ಲ ತೂತಿಗೆ ಬಿತ್ತು. ಬರೆಯುತ್ತಾ ಅವಳು ಒಮ್ಮೆ ಅತ್ತಳು, ಒಮ್ಮೆ ನಕ್ಕಳು, ಎರಡು ಸಲ ಅಕ್ಕನನ್ನು ಬೈದಳು. ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಜಾಗ ಬೇಕಾದಷ್ಟಿತ್ತು, ಹೇಳುವುದು ಏನೂ ಉಳಿದಿರಲಿಲ್ಲ. ‘ಅಕ್ಕ, ಮಾತಾಡು’ ಎಂದು ಒಂದು ಸಲ ಒತ್ತಿ, ಕಸುಬಿನವರು ಮಾಡುವ ಹಾಗೆ ಅದನ್ನೇ ಕಾಪಿ ಮಾಡಿ ಅಂಟಿಸುತ್ತಾ ಅಂಚಿನವರೆಗೂ ತುಂಬಿಸಿದಳು.

ಕರಡು ತಿದ್ದಲು ಕೂತ ಭಾವ ತೂತಿನ ಗೆರೆಯ ಒಳಗೆ ಕಣ್ಣು ಹಾಯಿಸಲೇ ಇಲ್ಲ. ಶೂನ್ಯದಲ್ಲಿ ನೋಡುವುದಕ್ಕೇನಿದೆ ಎಂದು ಅವರ ವಾದ. ಗೆರೆಯ ಹೊರಗೆ ಒಂದು ಅಲ್ಪವಿರಾಮ ಬಿಟ್ಟುಹೋಗಿದ್ದಕ್ಕೆ ಮಾತ್ರ ತಂಗಿಯ ಮೇಲೆ ಎರಡು ದಿನ ಮುನಿಸಿಕೊಂಡರು.

ಇಂಥ ತೂತು ಹೊಡೆಯುವ ಯಂತ್ರ ಇದ್ದದ್ದು ಒಂದೇ ಪ್ರೆಸ್ಸಿನಲ್ಲಿ. ಅವರು ಪುಸ್ತಕದವರಲ್ಲ. ಡಬ್ಬಿ, ಸೀಸೆ, ಭರಣಿಗಳ ಮುಚ್ಚಳಕ್ಕೆ ಅಂಟಿಸುವ ದುಂಡು ಕಾಗದ ಕತ್ತರಿಸುವುದು ಅವರ ಕೆಲಸ, ಹಾಗಾಗಿ ಊರೆಲ್ಲ ಅದಕ್ಕೆ ಮುಚ್ಚಳದ ಪ್ರೆಸ್ಸು ಎನ್ನುತ್ತಿತ್ತು, ಯಜಮಾನನಿಗೆ ಮುಚ್ಚಳಪ್ಪ ಎನ್ನುತ್ತಿತ್ತು. ತಂಗಿ ತನ್ನ ಕೈಯಾರೆ ಚಾಕುವಿನಲ್ಲಿ ತೂತು ಕೊರೆದು ಮಾಡಿದ ಮಾದರಿ ಪುಸ್ತಕವನ್ನು, ಅಚ್ಚಿಗೆ ಬೇಕಾದ ಫೈಲಿನ ಜೊತೆಗೆ, ಅವನ ಮುಂದಿಟ್ಟಳು. ಅವನು ತೂತುಗಳನ್ನು ಒಂದೊಂದಾಗಿ ಬೆರಳಾಡಿಸಿ ನೋಡಿ, ‘ಇದೇ ಗಾತ್ರಾನಾ ಮೇಡಂ?’ ಎಂದ. ಹೌದು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು ಎಂದಳು ತಂಗಿ. ಪುಸ್ತಕ ನೇರವಾಗಿ ಭಾವನ ಮನೆಗೆ ಹೋಗಲಿ, ಬಿಡುಗಡೆ ಅಲ್ಲೇ ಎಂದೂ ಹೇಳಿದಳು. ದಿನಗಳಿಗೆ ಅರ್ಥವಿಲ್ಲ ಎಂದು ಬರೆದಿದ್ದ ಭಾವ ಬಿಡುಗಡೆಯ ದಿನವನ್ನು ಮಾತ್ರ ಒಂದು ದಿನ ಮುಂದೂಡಲೂ ಒಪ್ಪಿರಲಿಲ್ಲ.

ಆ ದಿನ ಸಂಜೆ ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಅಕ್ಕಪಕ್ಕದ ಮನೆಗಳಿಂದ ತಂದ ಕುರ್ಚಿಗಳು ಸಾಲಾಗಿ ಕೂತವು. ಅವುಗಳಲ್ಲಿ ಭಾವನ ಹಳೆಯ ಸಹೋದ್ಯೋಗಿಗಳೂ, ಕುರ್ಚಿ ಕೊಟ್ಟ ತಪ್ಪಿಗೆ ನೆರೆಮನೆಯವರೂ ಕೂತರು. ಮುಖ್ಯ ಅತಿಥಿ ಒಬ್ಬ ವಿಮರ್ಶಕರು. ಅರ್ಥವಾಗದ್ದನ್ನು ಹೊಗಳಿಬಿಟ್ಟರೆ ಯಾರಿಂದಲೂ ತೊಂದರೆಯಿಲ್ಲ ಎಂದು ಬಹಳ ಹಿಂದೆಯೇ ಕಂಡುಕೊಂಡವರು. ಮುಚ್ಚಳಪ್ಪ ಪೆಟ್ಟಿಗೆಗಳನ್ನು ತಾನೇ ಹೊತ್ತು ತಂದು, ಮುಂದಿನ ಸಾಲಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಕೂತ.

ಭಾವ ಪೆಟ್ಟಿಗೆ ತೆರೆದರು. ಒಳಗೆ ಪುಸ್ತಕ ಇರಲಿಲ್ಲ. ದುಂಡು ದುಂಡು ಹಾಳೆಗಳ ಗೊಂಚಲುಗಳಿದ್ದವು, ಒಂದೊಂದಕ್ಕೂ ತುದಿಯಲ್ಲಿ ಒಂದು ತಂತಿ ಉಂಗುರ. ಮೇಲಿನ ಹಾಳೆ ನಾಣ್ಯದಷ್ಟು, ಅದರ ಕೆಳಗಿನದು ಸ್ವಲ್ಪ ದೊಡ್ಡದು, ಹೀಗೆ ಬೆಳೆಯುತ್ತಾ ಹೋಗಿ ಕೊನೆಯದು ತಟ್ಟೆಯಷ್ಟು. ರಟ್ಟನ್ನೂ ಮುಚ್ಚಳಪ್ಪ ದುಂಡಗೆ ಕತ್ತರಿಸಿದ್ದ. ಅದರ ನಡುವೆ ‘ಇಲ್ಲಿ ಏನೂ ಇಲ್ಲ’ ಎಂಬ ಹೆಸರು ಉಳಿದಿತ್ತು, ಅಡಿಯಲ್ಲಿದ್ದ ಭಾವನ ಹೆಸರು ಹಾರಿಹೋಗಿತ್ತು.

ತಂಗಿ ಮುಚ್ಚಳಪ್ಪನ ಪಕ್ಕ ಬಗ್ಗಿ, ಇದೇನು ಮಾಡಿದಿರಿ ಎಂದು ಪಿಸುಗುಟ್ಟಿದಳು. ಅವನು ಅಷ್ಟೇ ಪಿಸುಮಾತಿನಲ್ಲಿ ವಿವರಿಸಿದ. ಮುಚ್ಚಳ ಮಾಡಿಸುವ ಗಿರಾಕಿಗಳು ಹಳೆಯ ಹಾಳೆಯ ತೂತು ತಂದು ತೋರಿಸಿ, ಇಷ್ಟು ದೊಡ್ಡದು ಬೇಕು ಅನ್ನುವುದು ಮೊದಲಿನಿಂದ ಬಂದ ವಾಡಿಕೆ. ತೂತು ಅಳತೆ, ದುಂಡು ಮಾಲು, ಮಿಕ್ಕಿದ್ದು ಕಸ. ‘ಮಿಕ್ಕಿದ್ದು ನಿನ್ನೆನೇ ರದ್ದಿಗೆ ಹೋಯ್ತು. ಯಾಕೆ ಮೇಡಂ, ಅದೂ ಬೇಕಿತ್ತಾ?’ ಎಂದ.

ಭಾವ ಬಾಯಿ ತೆರೆದರು. ಏನನ್ನು ಕಳೆದುಕೊಂಡರೂ ಏನನ್ನೂ ಕಳೆದುಕೊಂಡಂತಲ್ಲ ಎಂದು ಅವರೇ ಒಂದು ಇಡೀ ಅಧ್ಯಾಯ ಬರೆದಿದ್ದರು. ಆ ಅಧ್ಯಾಯವೂ ರದ್ದಿಗೆ ಹೋಗಿತ್ತು. ಕಿರುಚುವ ಹಾಗಿಲ್ಲ, ಸುಮ್ಮನಿರುವ ಹಾಗಿಲ್ಲ. ಬಾಯಿ ಮುಚ್ಚಿ ಕುರ್ಚಿಯಲ್ಲಿ ಕೂತರು. ತಂಗಿ ಪೆಟ್ಟಿಗೆಗೆ ಕೈ ಹಾಕುವಷ್ಟರಲ್ಲಿ ಒಂದು ಪ್ರತಿ ವಿಮರ್ಶಕರ ಕೈ ಸೇರಿತ್ತು, ಅವರು ಎದ್ದು ನಿಂತು ಗಂಟಲು ಸರಿಮಾಡಿಕೊಂಡಿದ್ದೂ ಆಗಿತ್ತು. ಒಳಬಾಗಿಲಲ್ಲಿ ಅಕ್ಕ ಟೀ ತಟ್ಟೆ ಹಿಡಿದು ನಿಂತಿದ್ದಳು.

‘ಲೇಖಕರು ತಮ್ಮ ಹೆಸರನ್ನೇ ಕತ್ತರಿಸಿಕೊಂಡಿದ್ದಾರೆ,’ ಎಂದು ವಿಮರ್ಶಕರು ಶುರು ಮಾಡಿದರು. ‘ಇದಕ್ಕೆ ಎದೆಗಾರಿಕೆ ಬೇಕು.’ ಆಮೇಲೆ ಮೊದಲ ಹಾಳೆ ಓದಿದರು. ‘ಅ.’ ಎಲ್ಲದರ ಆರಂಭ ಎಂದು ತಾವೇ ಅರ್ಥ ಹೇಳಿ ಎರಡನೆಯದನ್ನು ಓದಿದರು. ‘ಅಕ್ಕ.’ ಸಂಬಂಧ ಎಂಬ ಮೊದಲ ಭ್ರಮೆ ಎಂದರು. ‘ಅಕ್ಕ, ಕೇಳು’ ಎಂಬುದಕ್ಕೂ ಏನೋ ಒಂದು ಅರ್ಥ ಕೊಟ್ಟರು. ತಂಗಿ ಕುರ್ಚಿಯ ಬೆನ್ನು ಹಿಡಿದು, ಈ ಮನೆಗೆ ಬರುವುದು ಇವತ್ತೇ ಕೊನೆ ಎಂದುಕೊಂಡಳು.

‘ಬೀರು ನಿನಗಿರಲಿ ಅಂದದ್ದು ನನಗೆ ಬೇಡ ಅಂತ ಅಲ್ಲ,’ ಎಂದು ವಿಮರ್ಶಕರು ಓದುತ್ತಾ ಹೋದರು. ‘ನನ್ನ ಮನೇಲಿದ್ದರೆ ದಿನಾ ಆ ಕನ್ನಡಿ ನೋಡಬೇಕಿತ್ತು. ಅಮ್ಮ ಅದರ ಮುಂದೆ ನಿಂತು ತಲೆ ಬಾಚಿಕೊಳ್ಳೋದು ನೆನಪಾಗಿ ನನಗೆ…’ ಇಲ್ಲಿ ಮಾತು ಅಂಚಿಗೆ ತುಂಡಾಗಿದೆ, ಅದ್ಭುತ ಎಂದು ಹೇಳಿ ಹಾಳೆ ಮಗುಚಿದರು. ‘ನಾವಿಬ್ಬರೂ ಅದರ ಕೆಳಗಿನ ಅರೆಯಲ್ಲಿ ಮುದುರಿ ಕೂತು ಬಾಗಿಲು ಎಳ್ಕೊಳ್ತಿದ್ವಿ. ನನಗೆ ನಗು ತಡೆಯೋಕಾಗದೆ ನೀನು ನನ್ನ ಬಾಯಿ ಮುಚ್ಚುತ್ತಿದ್ದೆ. ಅಮ್ಮ ಎದುರಿಗೇ ನಿಂತು, ಇಲ್ಲಿ ಯಾರೂ ಇಲ್ಲಪ್ಪ ಅಂತ ಗಟ್ಟಿಯಾಗಿ ಹೇಳೋಳು.’

ಇದಕ್ಕೆ ವಿಮರ್ಶಕರು ಅರ್ಥ ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಕುರ್ಚಿ ಕೊಟ್ಟ ಒಬ್ಬ ಹೆಂಗಸು ಸೆರಗಿನಿಂದ ಮೂಗು ಒರೆಸಿದಳು. ತಂಗಿಗೆ ಅಕ್ಕನ ಕಡೆ ನೋಡುವ ಧೈರ್ಯ ಬರಲಿಲ್ಲ, ಟೀ ಲೋಟಗಳು ತಟ್ಟೆಯಲ್ಲಿ ಒಂದಕ್ಕೊಂದು ತಾಕುವ ಸಣ್ಣ ಸದ್ದು ಮಾತ್ರ ಕೇಳಿಸಿತು. ವಿಮರ್ಶಕರು ಮುಂದಿನ ಹಾಳೆಗೆ ಹೋದರು. ‘ನಾನು ನಿನಗೋಸ್ಕರ ಏನೂ ಮಾಡಲಿಲ್ಲ ಅಂತೀಯಲ್ಲ. ಶಾಲೆಯಿಂದ ಬರುವಾಗ ಅಪ್ಪನ ಛತ್ರಿ ಕಳೆದದ್ದು ನೀನು, ಬೈಸಿಕೊಂಡದ್ದು ನಾನು. ಆಗಲೂ ನಿನ್ನ ಹೆಸರು ಹೇಳಲಿಲ್ಲ.’

ಅಕ್ಕ ತಟ್ಟೆಯನ್ನು ಟೇಬಲ್ಲಿನ ಮೇಲಿಟ್ಟಳು. ಗೋಡೆಯನ್ನು ನೋಡಲಿಲ್ಲ, ಗಂಡನನ್ನು ನೋಡಲಿಲ್ಲ, ತಂಗಿಯನ್ನೇ ನೋಡಿದಳು.

‘ಛತ್ರಿ ಕಳೆದದ್ದು ನೀನು,’ ಎಂದಳು.

ವರ್ಷಕ್ಕೆ ಮೇಲಾಗಿ ಕಾದಿದ್ದ ಮಾತು ಅದು. ಹೀಗೆ ಬರುತ್ತದೆಂದು ತಂಗಿ ಕನಸಿನಲ್ಲೂ ಎಣಿಸಿರಲಿಲ್ಲ. ಓಡಿಹೋಗಿ ತಬ್ಬಿಕೊಳ್ಳಬೇಕು ಅನಿಸಿತು. ಆದರೆ ಸುಳ್ಳನ್ನು ಸುಮ್ಮನೆ ಒಪ್ಪಿಕೊಳ್ಳುವುದು ಹೇಗೆ?

‘ನೀನೇ ಅಕ್ಕ. ಬಸ್ಸಲ್ಲಿ ಬಿಟ್ಟು ಇಳಿದೆ,’ ಎಂದಳು.

ಬಸ್ಸಿನಲ್ಲಿ ಬಿಟ್ಟದ್ದು ನಿನ್ನ ಊಟದ ಡಬ್ಬಿ ಎಂದಳು ಅಕ್ಕ. ಛತ್ರಿ ಬಿಟ್ಟದ್ದು ಪೆನ್ಸಿಲ್ ಅಂಗಡಿಯ ಮುಂದೆ, ಅದೂ ನೀನೇ. ಡಬ್ಬಿ ಕಳೆದದ್ದು ಅದರ ಮುಂದಿನ ವರ್ಷ ಎಂದಳು ತಂಗಿ. ಆಗ ನಾನು ಆ ಶಾಲೆಯಲ್ಲೇ ಇರಲಿಲ್ಲ ಎಂದಳು ಅಕ್ಕ. ಸಭೆ ಇವಳ ಕಡೆಗೊಮ್ಮೆ ಅವಳ ಕಡೆಗೊಮ್ಮೆ ಕತ್ತು ತಿರುಗಿಸಿತು. ಪುಸ್ತಕವೇ ಹಾಳೆಯಿಂದ ಎದ್ದು ಬಂದು ಮಾತಾಡುತ್ತಿದೆ, ಇಂಥ ಪ್ರಯೋಗ ಹಿಂದೆ ಆಗಿಲ್ಲ ಎಂದು ವಿಮರ್ಶಕರು ಪಕ್ಕದವರಿಗೆ ಹೇಳಿದರು. ಮುಚ್ಚಳಪ್ಪ ಎಲ್ಲವನ್ನೂ ಕೇಳಿ, ಅಂಗಡಿ ಮುಂದೆಯೇ ಬಿಟ್ಟಿರಬೇಕು ಎಂದು ಅಕ್ಕನ ಕಡೆ ತೀರ್ಪು ಕೊಟ್ಟ. ನೀವು ಸುಮ್ಮನಿರಿ ಎಂದರು ಇಬ್ಬರೂ ಒಟ್ಟಿಗೆ.

ಛತ್ರಿಯ ವಿಷಯ ಬಗೆಹರಿಯಲಿಲ್ಲ. ಟೀ ಆರಿಹೋಯಿತು, ಜನ ಆರಿದ ಟೀಯನ್ನೇ ಕುಡಿದು, ಒಂದೊಂದು ಪ್ರತಿ ಕೇಳಿ ಪಡೆದು ಮನೆಗೆ ಹೋದರು. ಭಾವ ಓದುವ ಕೋಣೆಗೆ ಹೋಗಿ ಖಾಲಿ ಬೀರುವಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಕನ್ನಡಿಯಲ್ಲಿ ಅವರ ಮುಖ ತೀರಾ ಚಿಕ್ಕದಾಗಿ ಕಾಣುತ್ತಿತ್ತು. ತಂಗಿ ಬಾಗಿಲಿಗೆ ಬಂದು, ತಪ್ಪಾಯ್ತು ಭಾವ ಎಂದಳು.

‘ಯಾವುದೂ ಮುಖ್ಯ ಅಲ್ಲ ಅಂತಲೇ ಬರೆದಿದ್ದೆ,’ ಎಂದರು ಭಾವ. ‘ಆದರೆ ಬರೆದದ್ದು ನನಗೆ ಮುಖ್ಯ ಆಗಿತ್ತಮ್ಮ.’

ಫೈಲ್ ತನ್ನ ಹತ್ತಿರ ಹಾಗೇ ಇದೆ, ಒಂದಕ್ಷರವೂ ಹೋಗಿಲ್ಲ, ಬೇರೆ ಪ್ರೆಸ್ಸಿನಲ್ಲಿ ಮತ್ತೆ ಮಾಡಿಸೋಣ ಎಂದಳು ತಂಗಿ. ಭಾವ ತಲೆಯೆತ್ತಿದರು. ಆ ಅಲ್ಪವಿರಾಮವೂ ಇದೆಯೇ ಎಂದು ಕೇಳಿದರು. ಇದೆ ಎಂದಳು. ಅವರು ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, ಈ ಸಲ ತೂತು ಬೇಡ, ಸುಮ್ಮನೆ ಪುಸ್ತಕದ ಹಾಗೇ ಮಾಡು ಎಂದರು. ಆಮೇಲೆ ಕುರ್ಚಿಗಳನ್ನು ಅವರವರ ಮನೆಗೆ ಮುಟ್ಟಿಸಲು ಹೊರಟರು.

ಉಳಿದ ಪ್ರತಿಗಳನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ಅಕ್ಕ ಒಂದು ಪೆಟ್ಟಿಗೆಯನ್ನು ತಳ್ಳಿಕೊಂಡು ಬೀರುವಿನ ಹತ್ತಿರ ತಂದಳು, ಇನ್ನೊಂದನ್ನು ತಂಗಿ ತಳ್ಳಿಕೊಂಡು ಬಂದಳು. ಇಬ್ಬರೂ ನೆಲದ ಮೇಲೆ ಕೂತರು. ಅಕ್ಕ ಒಂದು ಗೊಂಚಲು ಎತ್ತಿ, ನೇರವಾಗಿ ಕೊನೆಯ ಹಾಳೆಗೆ ಹೋಗಿ, ಮಡಿಲ ಮೇಲೆ ಹರಡಿಕೊಂಡು ಓದಿದಳು. ಆ ಹಾಳೆಯ ಮೇಲೆ ಅಂಚಿನಿಂದ ಅಂಚಿಗೆ ಒಂದೇ ಮಾತು ಇತ್ತು. ಅವಳು ತುಂಬ ಹೊತ್ತು ಅದರ ಮೇಲೆ ಬೆರಳಾಡಿಸಿದಳು.

‘ಇಷ್ಟೊಂದು ಸಲ ಕರೆದಿದ್ದೀಯಾ?’ ಎಂದಳು.

ತಂಗಿ ಹೌದು ಎಂದುಬಿಡಬಹುದಿತ್ತು. ಆದರೆ ಈ ಮನೆಯಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಅವಳಿಗೆ ಬೇಡವಾಗಿತ್ತು. ‘ಇಲ್ಲ. ಅದು ಕಾಪಿ ಮಾಡಿ ಅಂಟಿಸಿದ್ದು,’ ಎಂದಳು.

‘ಅಂದರೆ ಕರೆದದ್ದು ಒಂದೇ ಸಲ.’

‘ಒಂದೇ ಸಲ.’

‘ಅಷ್ಟೇ ಸಾಕಿತ್ತು ಕಣೇ,’ ಎಂದಳು ಅಕ್ಕ. ‘ಅಡುಗೆಮನೆ ಬಾಗಿಲಿಗೆ ಬಂದು ಒಂದು ಸಲ ಕರೆದಿದ್ದರೆ ಸಾಕಿತ್ತು. ದಿನಾ ಟೀ ಇಟ್ಟು ಬಾಗಿಲ ಹಿಂದೆಯೇ ನಿಂತಿರುತ್ತಿದ್ದೆ.’

ತಂಗಿಗೆ ಕಣ್ಣು ತುಂಬಿ ಬೀರು, ಅಕ್ಕ, ಪೆಟ್ಟಿಗೆ ಎಲ್ಲ ಕಲಸಿಹೋದವು. ಹೇಳಬೇಕಾದದ್ದೆಲ್ಲ ಹಾಳೆಗಳಲ್ಲಿ ಮುಗಿದುಹೋಗಿತ್ತು. ಅವುಗಳ ಎಷ್ಟೋ ಪ್ರತಿಗಳು ಆಗಲೇ ನೆರೆಮನೆಗಳಲ್ಲಿದ್ದವು. ಆದರೂ ಆ ಒಂದು ಮಾತು ತಾನಾಗಿ ಹೊರಗೆ ಬಂತು.

‘ಅಕ್ಕ,’ ಎಂದಳು.

‘ಏನು?’

‘ಏನೂ ಇಲ್ಲ.’

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಬೀರುವಿನ ಕೆಳಗಿನ ಅರೆಯ ಬಾಗಿಲು ತೆರೆದು, ಒಂದೊಂದಾಗಿ ಕೊಡು ಎಂದು ಕೈ ಚಾಚಿದಳು.